ತಪ್ಪದೇ ಚರ್ಚ್‌ಗೆ ಹೋದರೂ ದಣಿವು ಹೋಗುತ್ತಿಲ್ಲ, ನನ್ನ ವಿಶ್ವಾಸದಲ್ಲೇ ಕೊರತೆ ಇದೆಯಾ?

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ಬೆಂಗಳೂರಲ್ಲಿ ಐಟಿ ಕೆಲಸ. ಭಾನುವಾರ ಬೆಳಿಗ್ಗೆ ಚರ್ಚ್‌ನ ಹಾಡುಗಾರರ ಗುಂಪು, ಅಂದರೆ ಕ್ವಾಯರ್, ಅದು ಮುಗಿದರೆ ಬೈಬಲ್ ಪಾಠದ ಸಂಡೇ ಸ್ಕೂಲ್ ಮಕ್ಕಳು. ಬುಧವಾರ ರಾತ್ರಿ ಆನ್‌ಲೈನ್ ಪ್ರಾರ್ಥನಾ ಕೂಟ. ಇಷ್ಟೆಲ್ಲ ಮಾಡಿದರೂ ಒಳಗೆ ಒಣಗಿದ ಹಾಗಿದೆ, ಪ್ರಾರ್ಥನೆಗೆ ಕೂತರೆ ಮಾತೇ ಹೊರಡುವುದಿಲ್ಲ ಅಂತ ಬರೆದಿದ್ದೀರಿ.

ಕೊರತೆ ಇರುವುದು ನಿಮ್ಮ ನಿದ್ದೆಯಲ್ಲಿ ಇರಬಹುದು. ತಮಾಷೆಗೆ ಹೇಳುತ್ತಿಲ್ಲ.

ಬೈಬಲ್‌ನಲ್ಲಿ ಮೊದಲನೆಯ ಅರಸುಗಳ ಪುಸ್ತಕದ 19ನೇ ಅಧ್ಯಾಯ ಒಮ್ಮೆ ತೆಗೆದು ನೋಡಿ. ಪ್ರವಾದಿ ಎಲೀಯ ಆಗಷ್ಟೇ ಕರ್ಮೆಲ್ ಬೆಟ್ಟದಲ್ಲಿ ದೊಡ್ಡ ಕೆಲಸ ಮುಗಿಸಿದ್ದಾನೆ. ದೇವರ ಪರವಾಗಿ ಒಬ್ಬನೇ ನಿಂತು ಗೆದ್ದಿದ್ದಾನೆ. ಅಷ್ಟರಲ್ಲಿ ರಾಣಿ ಈಜೆಬೆಲಳಿಂದ ಕೊಲೆ ಬೆದರಿಕೆ ಬರುತ್ತದೆ. ಆಸಾಮಿ ಓಡಿ ಹೋಗಿ, ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು, ಸಾಕಾಗಿದೆ, ನನ್ನ ಪ್ರಾಣ ತೆಗೆದುಬಿಡು ಅನ್ನುತ್ತಾನೆ. ಹಾಗೇ ಮಲಗಿ ನಿದ್ದೆ ಹೋಗುತ್ತಾನೆ. ಆಗ ದೇವರು ಏನು ಮಾಡಿದ? ಬೈಯಲಿಲ್ಲ. ವಿಶ್ವಾಸದ ಬಗ್ಗೆ ಪಾಠ ಮಾಡಲಿಲ್ಲ. ದೇವದೂತ ಬಂದು ಮುಟ್ಟಿ ಎಬ್ಬಿಸುತ್ತಾನೆ. ತಲೆಯ ಹತ್ತಿರ ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು. ಎಲೀಯ ತಿಂದು, ಕುಡಿದು, ಮತ್ತೆ ಮಲಗುತ್ತಾನೆ! ದೂತ ಎರಡನೇ ಸಲ ಎಬ್ಬಿಸಿ, ಇನ್ನೂ ತಿನ್ನು, ದಾರಿ ನಿನ್ನ ಶಕ್ತಿಗೆ ಮೀರಿದ್ದು ಅನ್ನುತ್ತಾನೆ. ಹೋರೇಬ್ ಬೆಟ್ಟದ ಮೇಲೆ ದೇವರ ಜೊತೆ ಮಾತುಕತೆ ನಡೆಯುವುದು ಇದಾದ ಮೇಲೆ, 40 ದಿನ ನಡೆದ ಮೇಲೆ. ಮೊದಲು ನಿದ್ದೆ, ಊಟ, ಇನ್ನೊಂದು ನಿದ್ದೆ. ಈ ಕ್ರಮ ನನಗೆ ತುಂಬ ಇಷ್ಟ. ಚರ್ಚ್‌ನ ಪ್ರಸಂಗಗಳಲ್ಲಿ ಮಾತ್ರ ಕರ್ಮೆಲಿನಲ್ಲಿ ಆಕಾಶದಿಂದ ಇಳಿದ ಬೆಂಕಿ ಬರುವಷ್ಟು ಸಲ ಈ ರೊಟ್ಟಿ ಬರುವುದಿಲ್ಲ.

ನಾನು ದಕ್ಷಿಣ ಕನ್ನಡದ ಕಡೆಯವಳು, ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವಳು. ವಿಶ್ರಾಂತಿ ಅಂದರೇನು ಅಂತ ನನಗೆ ಪ್ರಸಂಗಕ್ಕಿಂತ ಅಮ್ಮನನ್ನು ನೋಡಿಯೇ ಜಾಸ್ತಿ ಗೊತ್ತಾಗಿದ್ದು. ಅಮ್ಮ ಬೀಡಿ ಕಟ್ಟುತ್ತಿದ್ದರು. ಶನಿವಾರ ಬೀಡಿ ಕಂಪನಿಯ ಬ್ರಾಂಚಿಗೆ ಬೀಡಿ ಕೊಟ್ಟು ಬಂದರೆ ಕತ್ತರಿ, ನೂಲು, ಉಳಿದ ಹೊಗೆಸೊಪ್ಪು ಎಲ್ಲ ತಡ್ಪೆಗೆ, ಅಂದರೆ ಬೀಡಿ ಕಟ್ಟುವ ಮೊರಕ್ಕೇ ಹಾಕುವರು. ಎಲೆ ಒಣಗದ ಹಾಗೆ ಒದ್ದೆ ಬಟ್ಟೆ ಸುತ್ತಿ, ತಡ್ಪೆಯನ್ನು ಮಂಚದ ಅಡಿಗೆ ತಳ್ಳುವರು. ಸೋಮವಾರದವರೆಗೆ ಅದು ಹೊರಗೆ ಬರುವ ಮಾತೇ ಇಲ್ಲ. ಸಾವಿರ ಬೀಡಿಗೆ ಇಷ್ಟು ಅಂತ ಕೂಲಿ. ಆದಿತ್ಯವಾರವೂ ಕೂತಿದ್ದರೆ ನಾಲ್ಕು ಕಾಸು ಜಾಸ್ತಿ ಸಿಗುತ್ತಿತ್ತು, ನಮಗೆ ಅದು ಬೇಕೂ ಇತ್ತು. ಶಾಲೆ ಫೀಸಿನ ತಿಂಗಳಲ್ಲೂ ಅಮ್ಮ ಮುಟ್ಟಲಿಲ್ಲ. ಪಕ್ಕದ ಮನೆಯ ಅಕ್ಕ ಕೇಳಿದರೆ, "ಬೆರಳಿಗೂ ಒಂದು ರಜೆ ಬೇಡ್ವಾ ಮಾರಾಯ್ತಿ" ಅನ್ನುವರು. ಆರಾಧನೆ ಮುಗಿಸಿ ಬಂದು, ಮೀನು ಸಾರು ಉಂಡು, ಚಾಪೆ ಹಾಸಿ ಮಲಗಿಬಿಡುವರು. ಆ ಒಂದು ದಿನ ಅವರನ್ನು ಯಾರೂ ಲೆಕ್ಕ ಕೇಳುವ ಹಾಗಿರಲಿಲ್ಲ.

ಬೈಬಲ್‌ನ ಧರ್ಮೋಪದೇಶಕಾಂಡದ 5ನೇ ಅಧ್ಯಾಯದಲ್ಲಿ ಸಬ್ಬತ್ ದಿನದ, ಅಂದರೆ ವಾರದ ಏಳನೇ ದಿನ ಕೆಲಸ ನಿಲ್ಲಿಸಬೇಕು ಅನ್ನುವ ಆಜ್ಞೆಗೆ ಕೊಟ್ಟಿರುವ ಕಾರಣವೂ ಇದೇ ತರಹದ್ದು. ನೀವು ಐಗುಪ್ತದಲ್ಲಿ (ಈಜಿಪ್ಟಿನಲ್ಲಿ) ದಾಸರಾಗಿದ್ದಿರಿ, ಅದನ್ನು ನೆನಪಿಡಿ ಅನ್ನುತ್ತದೆ. ನಿನ್ನ ಆಳು, ನಿನ್ನ ಎತ್ತು, ನಿನ್ನ ಕತ್ತೆ, ನಿನ್ನ ಊರಲ್ಲಿರುವ ಪರದೇಶಿ, ಎಲ್ಲರಿಗೂ ಅವತ್ತು ಬಿಡುವು. ದಾಸನಿಗೆ ರಜೆ ಇರುವುದಿಲ್ಲ, ಬಿಡುಗಡೆ ಆದವನಿಗೆ ಇರುತ್ತದೆ. ಆದರೂ ಮನುಷ್ಯರಿಗೆ ಇದನ್ನು ನಂಬುವುದು ಕಷ್ಟ. ಐಗುಪ್ತದಿಂದ ಬಿಡುಗಡೆಯಾಗಿ ಬಂದವರಿಗೆ ಅಡವಿಯಲ್ಲಿ ಮನ್ನ ಅನ್ನುವ ಆಹಾರ ಆಕಾಶದಿಂದ ಸುರಿದಾಗ ಆರನೇ ದಿನವೇ ಎರಡು ದಿನದ್ದು ಕೂಡಿಸಿಕೊಳ್ಳಿ ಅಂತ ಹೇಳಿದ್ದರೂ, ಏಳನೇ ದಿನ ಕೆಲವರು ಹುಡುಕಿಕೊಂಡು ಹೋಗೇ ಹೋದರು. ಏನೂ ಸಿಗಲಿಲ್ಲ. ಭಾನುವಾರ ಮಧ್ಯಾಹ್ನ ಆಫೀಸ್ ಮೇಲ್ ತೆಗೆದು ನೋಡುವವರು ಅಂದೂ ಇದ್ದರು ಅನ್ನಿ.

ಈಗ ನಿಮ್ಮ ಭಾನುವಾರಕ್ಕೆ ಬರೋಣ. ಕೆಲಸ, ಮೀಟಿಂಗ್, ಜವಾಬ್ದಾರಿ, ತಪ್ಪಿಸಿಕೊಂಡರೆ ಅಪರಾಧಿ ಭಾವ. ಸೋಮವಾರಕ್ಕೂ ಅದಕ್ಕೂ ಏನು ವ್ಯತ್ಯಾಸ ಹೇಳಿ? ಮತ್ತಾಯನ ಸುವಾರ್ತೆಯ 11ನೇ ಅಧ್ಯಾಯದ ಕೊನೆಯಲ್ಲಿ ಯೇಸು ಕಷ್ಟಪಡುವವರನ್ನು, ಹೊರೆ ಹೊತ್ತವರನ್ನು ಕರೆದು ವಿಶ್ರಾಂತಿ ಕೊಡುತ್ತೇನೆ ಅನ್ನುತ್ತಾನೆ. ಈ ಮಾತು ಎಷ್ಟೋ ಕ್ರೈಸ್ತರ ಮನೆಗಳ ಗೋಡೆ ಮೇಲಿದೆ. ಆದರೆ ಪುಟ ತಿರುಗಿಸಿದರೆ 12ನೇ ಅಧ್ಯಾಯ ಶುರುವಾಗುವುದೇ ಜಗಳದಿಂದ. ಹಸಿದ ಶಿಷ್ಯರು ಸಬ್ಬತ್ ದಿನ ಹೊಲದಲ್ಲಿ ತೆನೆ ಕಿತ್ತು ತಿಂದರು ಅಂತ ಫರಿಸಾಯರ, ಅಂದರೆ ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದಿ ಪಂಗಡದವರ ತಕರಾರು. ಯೇಸು ಶಿಷ್ಯರ ಪರ ನಿಲ್ಲುತ್ತಾನೆ. ಇದೇ ಸುವಾರ್ತೆಯ 23ನೇ ಅಧ್ಯಾಯದಲ್ಲಿ, ಜನರ ಹೆಗಲ ಮೇಲೆ ಭಾರ ಹೇರಿ ತಾವು ಬೆರಳೂ ತಾಗಿಸದ ಧರ್ಮಗುರುಗಳನ್ನು ನೇರವಾಗಿಯೇ ಬೈಯುತ್ತಾನೆ. ಹಾಗಾಗಿ ಆತ ಇಳಿಸಲು ಬಂದ ಹೊರೆಗಳಲ್ಲಿ ಧರ್ಮದ ಹೆಸರಿನ ಹೊರೆಯೂ ಇದೆ ಅಂತಲೇ ನಾನು ಓದುತ್ತೇನೆ. ನಿಮ್ಮ ಸಭೆಯವರು ಕೆಟ್ಟವರು ಅಂತ ಹೇಳುತ್ತಿಲ್ಲ. ಕೆಲಸ ಮಾಡುವವರು ಸಿಕ್ಕರೆ ಅವರಿಗೇ ಇನ್ನೊಂದು ಕೆಲಸ ಕೊಡುವುದು ಎಲ್ಲ ಕಡೆ ಇದ್ದದ್ದೇ, ಅಲ್ವಾ?

ಪ್ರಾರ್ಥನೆಗೆ ಮಾತು ಹೊರಡದಿದ್ದರೆ ಸ್ವಂತ ಮಾತು ಹುಡುಕಬೇಡಿ. ಕೀರ್ತನೆಗಳ ಪುಸ್ತಕ ತೆಗೆದು ಒಂದನ್ನು ನಿಧಾನವಾಗಿ, ಬಾಯಿಬಿಟ್ಟು ಓದಿ. 150 ಇವೆ. ಅದರಲ್ಲಿ ದೂರು, ಅಳು, ಸಿಟ್ಟು ಬೇಕಾದಷ್ಟಿದೆ. 13ನೇ ಕೀರ್ತನೆ ಶುರುವಾಗುವುದೇ ಇನ್ನೂ ಎಷ್ಟು ದಿನ ನನ್ನನ್ನು ಮರೆತಿರುತ್ತೀ ಅಂತ. 88ನೇದು ಕತ್ತಲಲ್ಲೇ ಮುಗಿಯುತ್ತದೆ, ಸಮಾಧಾನದ ಒಂದು ಸಾಲೂ ಕೊನೆಗೆ ಬರುವುದಿಲ್ಲ. ಅಂಥದ್ದೂ ಬೈಬಲ್‌ನಲ್ಲಿದೆ ಅಂದರೆ, ಒಳಗೆ ಒಣಗಿದವರು ಹಾಗೇ ಬಂದು ಕೂರಬಹುದು ಅಂತ ತಾನೇ? ನನಗೆ ಹೊಸ ಉಸಿರು ಬಂದ ಹಾಗಾಗುವುದು ಹೀಗೆ ಓದುವಾಗಲೇ. ದಿನಾ ಆಗುವುದಿಲ್ಲ. ಆಗದ ದಿನ ಪುಸ್ತಕ ಮುಚ್ಚಿ ಮಲಗುತ್ತೇನೆ.

ಎರಡು ದಿನ ಸುಮ್ನೆ ಇರಬೇಕು ಅನ್ನಿಸಿದರೆ ಕೆಂಗೇರಿ ಹತ್ತಿರ ಆಶೀರ್ವನಂ ಅನ್ನುವ ಬೆನೆಡಿಕ್ಟೀನ್ ಮಠ ಇದೆ. ಕ್ಯಾಥೊಲಿಕರದ್ದು. ನೀವು ಬೇರೆ ಸಭೆಯವರಾದರೂ ಫೋನ್ ಮಾಡಿ ಕೇಳಿ ನೋಡಿ. ಸಂತ ಬೆನೆಡಿಕ್ಟ್ 6ನೇ ಶತಮಾನದಲ್ಲಿ ಇಟಲಿಯಲ್ಲಿ ಬರೆದ ನಿಯಮಾವಳಿಯಲ್ಲಿ ಪ್ರಾರ್ಥನೆ, ಕೈಕೆಲಸ, ಓದು, ನಿದ್ದೆ ಎಲ್ಲಕ್ಕೂ ಹೊತ್ತು ಗೊತ್ತುಮಾಡಿದ್ದಾನೆ. ಗಂಟೆ ಹೊಡೆದರೆ ಕೈಲಿದ್ದ ಕೆಲಸ ಬಿಟ್ಟು ಏಳಬೇಕು. ಅರ್ಧ ಆಗಿದ್ದರೆ ಅರ್ಧವೇ. ನಮ್ಮಂಥವರಿಗೆ ಕಲಿಯಬೇಕಾದದ್ದು ಅದೇ ಅನ್ನಿಸುತ್ತದೆ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಬದುಕೇ ಬೇಡ ಅನ್ನಿಸಿದರೆ, ಡಾಕ್ಟರ್ ಹತ್ತಿರ ಹೋಗಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ವಿಶ್ವಾಸ ಇದ್ದರೆ ಮಾತ್ರೆ ಯಾಕೆ ಅಂತ ಯಾರಾದರೂ ಕೇಳಿದರೆ, ಎಲೀಯನಿಗೆ ರೊಟ್ಟಿ ಯಾಕೆ ಬೇಕಾಯಿತು ಅಂತ ವಾಪಸ್ ಕೇಳಿ.

ಮತ್ತೆ ಕ್ವಾಯರ್, ಸಂಡೇ ಸ್ಕೂಲ್ ಎರಡರಲ್ಲಿ ಒಂದನ್ನು ಈಗ ಬಿಡಿ. ನಿಮ್ಮ ಅಯ್ಯನವರಿಗೆ (ಪಾಸ್ಟರ್‌ಗೆ) ಮೊದಲು ಹೇಳಿ, ಆಮೇಲೆ ಉಳಿದವರಿಗೆ. ಕಾರಣ ಉದ್ದಕ್ಕೆ ಹೇಳಲು ಹೋಗಬೇಡಿ, ಆರು ತಿಂಗಳು ಬಿಡುವು ಬೇಕು ಅಂದರೆ ಸಾಕು. ಕ್ವಾಯರೇ ಬಿಡುವುದಾದರೆ ನವೆಂಬರ್‌ಗೆ ಮೊದಲೇ ಹೇಳಿಬಿಡಿ. ಕ್ರಿಸ್‌ಮಸ್ ಕ್ಯಾರಲ್ ಪ್ರಾಕ್ಟೀಸ್ ಶುರುವಾದ ಮೇಲೆ ಯಾರೂ ನಿಮ್ಮನ್ನು ಬಿಡುವುದಿಲ್ಲ.