ಝಳ ಬೇರೆ, ಸೆಕೆ ಬೇರೆ: ಕೊಲ್ಲಿಯ ಬೇಸಿಗೆಗೆ ಹೊರಟವರಿಗೆ ಒಂದು ಉತ್ತರ

ನಮಸ್ಕಾರ.

ಕಲಬುರಗಿಯಲ್ಲಿ ಹುಟ್ಟಿ ಬೆಳೆದು ಏಪ್ರಿಲ್, ಮೇ ತಿಂಗಳ 42 ಡಿಗ್ರಿ ಬಿಸಿಲನ್ನು ಕಂಡಿರುವ ನಿಮಗೆ ಕೊಲ್ಲಿ ದೇಶಗಳ ಬೇಸಿಗೆ ಅಷ್ಟೇನೂ ಕಷ್ಟವಾಗದೆಂದು ಊರಿನವರೆಲ್ಲ ಹೇಳುತ್ತಿದ್ದಾರೆಂದೂ, ಕಂಪನಿಯವರು ರಿಯಾದ್, ದಮ್ಮಾಮ್, ದುಬೈ ಈ ಮೂರರಲ್ಲಿ ಒಂದನ್ನು ಆರಿಸಿಕೊಳ್ಳಲು ಬಿಟ್ಟಿದ್ದಾರೆಂದೂ, ಜೂನ್ ಕೊನೆಗೆ ಹೊರಡುವಾಗ ಮನೆಯವರನ್ನೂ ನಾಲ್ಕು ವರ್ಷದ ಮಗಳನ್ನೂ ಜೊತೆಗೇ ಕರೆತರಬಹುದೇ ಎಂದೂ ನೀವು ಕೇಳಿದ್ದೀರಿ. ನಾನು ಕುಂದಾಪುರದ ಕಡೆಯವನು. ಮೊದಲು ನಾಲ್ಕು ವರ್ಷ ರಿಯಾದಿನಲ್ಲಿ, ಆಮೇಲೆ ಹದಿನೈದು ವರ್ಷಗಳಿಂದ ಶಾರ್ಜಾ ಮತ್ತು ದುಬೈಗಳಲ್ಲಿ ಕಟ್ಟಡ ಕೆಲಸದ ಮೇಲ್ವಿಚಾರಣೆ ಮಾಡಿಕೊಂಡಿದ್ದೇನೆ. ನಿಮ್ಮದೂ ಸೈಟಿನ ಕೆಲಸವೇ ಎಂದು ಬರೆದಿರುವುದರಿಂದ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಹವಾಮಾನದ ಆಪ್ ತೋರಿಸುವ ಡಿಗ್ರಿಯೊಂದನ್ನೇ ನೋಡಿ ಊರು ಆರಿಸಬೇಡಿ. ಈ ವಿಷಯಕ್ಕೆ ಬೇಕಾದ ಎರಡು ಪದಗಳು ಕನ್ನಡದಲ್ಲಿ ಮೊದಲಿನಿಂದಲೂ ಇವೆ: ಝಳ ಮತ್ತು ಸೆಕೆ. ಮಧ್ಯಾಹ್ನ ಬಾಗಿಲು ತೆರೆದೊಡನೆ ನಿಮ್ಮೂರಿನಲ್ಲಿ ಮುಖಕ್ಕೆ ರಾಚುವುದು ಝಳ. ನಮ್ಮ ಕರಾವಳಿಯಲ್ಲಿ ಮೇ ತಿಂಗಳ ರಾತ್ರಿ ಫ್ಯಾನಿನ ಕೆಳಗೆ ಮಲಗಿದ್ದರೂ ಬನಿಯನ್ ಬೆನ್ನಿಗಂಟುವಂತೆ ಮಾಡುವುದು ಸೆಕೆ. ರಿಯಾದ್ ಝಳದ ಊರು, ದಮ್ಮಾಮ್ ಮತ್ತು ದುಬೈ ಸೆಕೆಯ ಊರುಗಳು. ರಿಯಾದಿಗೂ ದಮ್ಮಾಮಿಗೂ ನಡುವೆ ಸುಮಾರು 400 ಕಿಲೋಮೀಟರ್ ಮಾತ್ರ, ದೇಶವೂ ಒಂದೇ. ಆದರೂ ಒಂದರಲ್ಲಿ ರೂಢಿಸಿಕೊಂಡ ಅಭ್ಯಾಸ ಇನ್ನೊಂದರಲ್ಲಿ ಕೈಕೊಡುತ್ತದೆ. ಆದ್ದರಿಂದ ‘ಸೌದಿಗೆ ಹೋಗುತ್ತಿದ್ದೇನೆ’ ಎನ್ನುವುದು ಹವೆಯ ಮಟ್ಟಿಗೆ ಅರ್ಧ ಮಾತಷ್ಟೇ. ಎಮಿರೇಟ್ಸ್‌ನಲ್ಲೂ ಹಾಗೆಯೇ: ಕಡಲ ಪಕ್ಕದ ದುಬೈಯಲ್ಲಿ ಸೆಕೆ, ಒಳನಾಡಿನ ಅಲ್ ಐನ್‌ನಲ್ಲಿ ಝಳ.

ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದನ್ನು ಮಣ್ಣಿನ ಮಡಕೆಯಿಂದ ತಿಳಿಯಬಹುದು. ಮಡಕೆಯ ಮೈಯಿಂದ ಜಿನುಗಿದ ನೀರು ಆರುವಾಗ ಒಳಗಿನ ಶಾಖವನ್ನು ಹೊತ್ತುಕೊಂಡು ಹೋಗುತ್ತದೆ. ಬೆವರಿನ ಮೂಲಕ ನಮ್ಮ ದೇಹ ಮಾಡುವುದೂ ಅದನ್ನೇ. ಗಾಳಿ ಒಣಗಿದ್ದರೆ ಬೆವರು ಆರುತ್ತದೆ. ಗಾಳಿಯಲ್ಲಿ ಆಗಲೇ ತೇವ ತುಂಬಿದ್ದರೆ ಆರದೆ ಧಾರೆಯಾಗಿ ಇಳಿದುಹೋಗುತ್ತದೆ, ಮೈ ಮಾತ್ರ ತಣಿಯುವುದಿಲ್ಲ. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದಾಗ ಅದು ತೋರಿಸುವ ಉಷ್ಣಾಂಶವೇ, ನೀರು ಆರುವುದರಿಂದ ಮಡಕೆಯಾಗಲಿ ಮೈಯಾಗಲಿ ತಣಿಯಬಹುದಾದ ಕೊನೆಯ ಮಿತಿ. 45 ಡಿಗ್ರಿ ಬಿಸಿಯೂ ಶೇ. 10ರಷ್ಟು ಆರ್ದ್ರತೆಯೂ ಇರುವ ರಿಯಾದಿನ ಮಧ್ಯಾಹ್ನ ಈ ಒದ್ದೆ ಥರ್ಮಾಮೀಟರು ಸುಮಾರು 21 ಡಿಗ್ರಿ ತೋರಿಸಿದರೆ, ಬರಿಯ 38 ಡಿಗ್ರಿ ಬಿಸಿಯೂ ಶೇ. 60ರಷ್ಟು ಆರ್ದ್ರತೆಯೂ ಇರುವ ದುಬೈಯ ಸಂಜೆ ಅದು 31ರ ಹತ್ತಿರ ನಿಲ್ಲುತ್ತದೆ. ಆಪ್ ನೋಡಿದವರಿಗೆ ದುಬೈ ಏಳು ಡಿಗ್ರಿ ತಂಪು. ಮೈಗೆ ಅದು ಹತ್ತು ಡಿಗ್ರಿ ಹೆಚ್ಚಿನ ಹೊರೆ. ಈ ಒದ್ದೆ ಉಷ್ಣಾಂಶ 35 ಡಿಗ್ರಿ ಮುಟ್ಟಿದರೆ ನೆರಳಿನಲ್ಲಿ ಸುಮ್ಮನೆ ಕುಳಿತ ಆರೋಗ್ಯವಂತನ ದೇಹಕ್ಕೂ ಶಾಖ ಹೊರಹಾಕುವ ದಾರಿ ಉಳಿಯುವುದಿಲ್ಲವೆಂದು ಹೇಳಲಾಗುತ್ತದೆ. ದಮ್ಮಾಮಿನ ಮಗ್ಗುಲಲ್ಲೇ ಇರುವ ದಹ್ರಾನ್‌ನಲ್ಲಿ 2003ರ ಜುಲೈ 8ರಂದು ಇಬ್ಬನಿ ಬಿಂದುವೇ, ಅಂದರೆ ಗಾಳಿಯ ತೇವ ಹನಿಗಟ್ಟತೊಡಗುವ ಉಷ್ಣಾಂಶವೇ, 35 ಡಿಗ್ರಿ ದಾಖಲಾಗಿತ್ತು; ಒದ್ದೆ ಉಷ್ಣಾಂಶ ಎಂದೂ ಅದಕ್ಕಿಂತ ಕೆಳಗಿಳಿಯದು. ಇದಕ್ಕೆ ಕಾರಣ ಕೊಲ್ಲಿಯ ಸಮುದ್ರವೇ. ಸರಾಸರಿ ಆಳ ಸುಮಾರು 35 ಮೀಟರ್ ಮಾತ್ರ ಇರುವ ಆ ನೀರು ಆಗಸ್ಟ್ ಹೊತ್ತಿಗೆ 32 ಡಿಗ್ರಿಯನ್ನೂ ದಾಟಿ ಕಾದಿರುತ್ತದೆ. ವಾಯವ್ಯದಿಂದ ‘ಶಮಾಲ್’ ಎಂಬ ಒಣಗಾಳಿ ಬೀಸಿದ ದಿನ ಕಣ್ಣಿಗೆ ಧೂಳು ಬಿದ್ದರೂ ಸೆಕೆ ತಗ್ಗುತ್ತದೆ. ಆ ಗಾಳಿ ನಿಂತು ಕಡಲ ಕಡೆಯಿಂದ ಬೀಸತೊಡಗಿದರೆ ಮತ್ತೆ ಅದೇ ಸೆಕೆ.

ಇದನ್ನೆಲ್ಲ ನಾನು ಪುಸ್ತಕ ಓದಿ ಕಲಿಯಲಿಲ್ಲ. ರಿಯಾದಿನಿಂದ ಶಾರ್ಜಾಕ್ಕೆ ಬಂದ ಮೊದಲ ಆಗಸ್ಟ್‌ನಲ್ಲಿ, 45ರಲ್ಲಿ ದುಡಿದವನಿಗೆ 38 ಯಾವ ಲೆಕ್ಕ ಎಂಬ ಜಂಬದಿಂದ, ಸಂಜೆ ಆರು ಗಂಟೆಗೆ ಟ್ಯಾಕ್ಸಿ ಬಿಟ್ಟು ಸೈಟಿನಿಂದ ಕೋಣೆಗೆ ನಡೆದುಕೊಂಡೇ ಹೊರಟೆ. ಕಾಲು ಗಂಟೆಯೊಳಗೆ ಅಂಗಿಯನ್ನು ಹಿಂಡುವಷ್ಟು ಬೆವರು ಬಂತು, ಮೀನಖಂಡ ಹಿಡಿದುಕೊಂಡಿತು, ಹೊಟ್ಟೆ ತೊಳಸಿ ವಾಂತಿಯಾಯಿತು. ಬೀದಿಬದಿಯ ಗ್ರೋಸರಿ ಅಂಗಡಿಯ ಮಲಯಾಳಿ ಹಿರಿಯರೊಬ್ಬರು ನನ್ನನ್ನು ಒಳಗೆ ಕೂರಿಸಿ, ಎ.ಸಿ. ಕಡೆಗೆ ಮುಖ ತಿರುಗಿಸಿ, ಉಪ್ಪು ಹಾಕಿದ ನಿಂಬೆ ನೀರನ್ನು ಗುಟುಕು ಗುಟುಕಾಗಿ ಕುಡಿಸಿದರು. ಕುಂದಾಪುರದಲ್ಲಿ ಹುಟ್ಟಿದವನಿಗೇ ಸೆಕೆಯ ಪಾಠವನ್ನು ಶಾರ್ಜಾದಲ್ಲಿ ಮತ್ತೊಬ್ಬರು ಹೇಳಿಕೊಡಬೇಕಾಯಿತಲ್ಲ ಎಂದು ಆಮೇಲೆ ನಾಚಿಕೆಯಾಯಿತು.

ಹಾಗೆಂದು ರಿಯಾದ್ ಸುಲಭವೆಂದು ತಿಳಿಯಬೇಡಿ. ಅಲ್ಲಿನ ಅಪಾಯ ಕಣ್ಣಿಗೆ ಕಾಣುವುದಿಲ್ಲ. ಬೆವರು ಹುಟ್ಟಿದ ಕ್ಷಣವೇ ಆರಿಹೋಗುವುದರಿಂದ ಅಂಗಿ ಒಣಗಿಯೇ ಇರುತ್ತದೆ, ಬೆವರೇ ಬರಲಿಲ್ಲವೆಂದು ಮನಸ್ಸು ನಂಬುತ್ತದೆ, ನೀರು ಕುಡಿಯುವುದು ಮರೆತುಹೋಗುತ್ತದೆ. ತುಟಿ ಒಡೆಯುವುದು, ಮೂಗಿನಲ್ಲಿ ರಕ್ತ ಬರುವುದು ಮೊದಲ ಸೂಚನೆಗಳು. ನಾನು ಅವನ್ನು ಲೆಕ್ಕಿಸದೆ ಮೂರನೇ ವರ್ಷಕ್ಕೆ ಮೂತ್ರಪಿಂಡದ ಕಲ್ಲಿನ ನೋವನ್ನು ಅನುಭವಿಸಿದೆ. ಬಾಯಾರಿಕೆಯನ್ನು ಕಾಯದೆ ಗಂಟೆಗೊಮ್ಮೆ ಕುಡಿಯಿರಿ, ಮೂತ್ರದ ಬಣ್ಣ ತಿಳಿಹಳದಿಗಿಂತ ಗಾಢವಾದರೆ ಕುಡಿದದ್ದು ಸಾಲದೆಂದು ತಿಳಿಯಿರಿ. ಸೆಕೆಯ ಊರಿನಲ್ಲಿ ನೀರಿನ ಜೊತೆಗೆ ಉಪ್ಪನ್ನೂ ನೆನಪಿಡಬೇಕು, ಏಕೆಂದರೆ ಧಾರೆಯಾಗಿ ಇಳಿಯುವ ಬೆವರು ಉಪ್ಪನ್ನೂ ಕೊಂಡೊಯ್ಯುತ್ತದೆ; ಬರಿಯ ನೀರನ್ನೇ ಲೀಟರುಗಟ್ಟಲೆ ಕುಡಿದು ಸ್ನಾಯು ಸೆಳೆತಕ್ಕೆ ಸಿಕ್ಕವರನ್ನು ಸೈಟಿನಲ್ಲಿ ಎಷ್ಟೋ ಸಲ ಕಂಡಿದ್ದೇನೆ. ಇಲ್ಲಿನ ಅಂಗಡಿಗಳಲ್ಲಿ ಸಿಗುವ ‘ಲಬನ್’ ನಮ್ಮ ಮಜ್ಜಿಗೆಯ ದಪ್ಪ ರೂಪ. ಅದಕ್ಕೆ ನೀರು, ಉಪ್ಪು ಬೆರೆಸಿ ಕರಿಬೇವು ಕಿವುಚಿ ಹಾಕಿದರೆ ಬೇರೇನೂ ಬೇಡ. ಜೋಳದ ಹಿಟ್ಟು ದುಬೈಯ ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ, ಹಾಗಾಗಿ ನಿಮ್ಮ ಅಂಬಲಿಗೂ ತೊಂದರೆಯಿಲ್ಲ. ರಕ್ತದೊತ್ತಡದ ಔಷಧ ತೆಗೆದುಕೊಳ್ಳುವವರಾದರೆ ಉಪ್ಪಿನ ವಿಷಯವನ್ನು ಹೊರಡುವ ಮೊದಲೇ ವೈದ್ಯರಲ್ಲಿ ಕೇಳಿಕೊಳ್ಳಿ.

ಹೊರಗೆ ಹೋಗುವ ಹೊತ್ತಿನ ವಿಷಯದಲ್ಲೂ ಎರಡು ಊರುಗಳ ರೀತಿ ಬೇರೆ. ರಿಯಾದಿನಲ್ಲಿ ಸೂರ್ಯ ಮುಳುಗಿದರೆ ನೆಲ ಬೇಗ ಆರುತ್ತದೆ. ರಾತ್ರಿ ಒಂಬತ್ತರ ಮೇಲೆ ಸಂಸಾರಗಳು ಚಾಪೆ, ಚಹಾದ ಫ್ಲಾಸ್ಕು ಹಿಡಿದು ಉದ್ಯಾನಗಳಿಗೆ ಬರುವುದು ಅಲ್ಲಿನ ಬೇಸಿಗೆಯ ಪದ್ಧತಿ. ದುಬೈಯಲ್ಲಿ ಜುಲೈ, ಆಗಸ್ಟ್‌ಗಳ ರಾತ್ರಿಯೂ ಉಷ್ಣಾಂಶ 30ರ ಆಸುಪಾಸಿನಲ್ಲೇ ಇದ್ದು ಆರ್ದ್ರತೆ ಮಾತ್ರ ಇನ್ನೂ ಏರುತ್ತದೆ. ಬೆಳಗಿನ ಐದು ಗಂಟೆಗೆ ಕಟ್ಟಡದಿಂದ ಹೊರಗೆ ಕಾಲಿಟ್ಟರೆ ಕನ್ನಡಕದ ಗಾಜು ಬೆಳ್ಳಗೆ ಮಸುಕಾಗಿ ಒಂದು ನಿಮಿಷ ಎದುರಿನದು ಕಾಣದು. ಹೀಗಾಗಿ ಅಲ್ಲಿ ನಡಿಗೆಯ ಅಭ್ಯಾಸವಿದ್ದವರು ಬೇಸಿಗೆಯಲ್ಲಿ ಮಾಲ್‌ಗಳ ಒಳಗೇ ನಡೆಯುತ್ತಾರೆ, ನನಗೆ ಅದು ಇಂದಿಗೂ ಒಗ್ಗಿಲ್ಲ. ಬಟ್ಟೆಯೂ ಹಾಗೆಯೇ. ಝಳದಲ್ಲಿ ಮೈ ಮುಚ್ಚಿದಷ್ಟೂ ಒಳ್ಳೆಯದು, ಅರಬರ ಸಡಿಲವಾದ ಬಿಳಿ ನಿಲುವಂಗಿ ಸುಮ್ಮನೆ ಬಂದದ್ದಲ್ಲ. ಸೆಕೆಯಲ್ಲಿ ಎಷ್ಟೇ ಒಳ್ಳೆಯ ಹತ್ತಿಯ ಬಟ್ಟೆಯೂ ನೆನೆದು ಭಾರವಾಗುವುದರಿಂದ ಚೀಲದಲ್ಲಿ ಇನ್ನೊಂದು ಅಂಗಿ, ಬನಿಯನ್ ಇಟ್ಟುಕೊಂಡು ಮಧ್ಯಾಹ್ನ ಬದಲಿಸುವುದೊಂದೇ ಉಪಾಯ. ಇಲ್ಲದಿದ್ದರೆ ವಾರದೊಳಗೆ ಬೆನ್ನು, ಕುತ್ತಿಗೆಯ ತುಂಬ ಬೆವರುಸಾಲೆ ಏಳುತ್ತದೆ.

ಮನೆಯ ವಿಷಯಕ್ಕೆ ಬರುತ್ತೇನೆ. ನಿಮ್ಮೂರಿನಂತೆ ರಿಯಾದಿನಲ್ಲೂ ನೀರು ಹಾಕುವ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಎಷ್ಟೋ ಹಳೆಯ ಮನೆಗಳ ಮಾಡಿನ ಮೇಲೆ ದೊಡ್ಡ ಕೂಲರ್‌ಗಳು ಇವೆ. ದುಬೈಯಲ್ಲಿ ಅದನ್ನು ಕೊಂಡರೆ ಕೋಣೆಗೆ ಇನ್ನಷ್ಟು ತೇವ ತುಂಬಿಕೊಂಡಂತೆ ಅಷ್ಟೇ. ಅಲ್ಲಿ ಎ.ಸಿ. ತಂಪು ಮಾಡುವುದಲ್ಲದೆ ಗಾಳಿಯ ತೇವವನ್ನೂ ಹಿಂಡಿ ತೆಗೆಯುತ್ತದೆ. ಹದಿನೆಂಟಕ್ಕೆ ಇಟ್ಟು ಕಂಬಳಿ ಹೊದೆಯುವ ಬದಲು 24ಕ್ಕೆ ಇಟ್ಟು ಫಿಲ್ಟರನ್ನು ತಿಂಗಳಿಗೊಮ್ಮೆ ತೊಳೆದರೆ ಬಿಲ್ಲೂ ಹಗುರ, ಮೈಗೂ ಹಿತ. ರಜೆಗೆ ಊರಿಗೆ ಹೋಗುವಾಗ ಉಳಿತಾಯವೆಂದು ಎ.ಸಿ.ಯನ್ನು ಪೂರ್ತಿ ಆರಿಸಿ ಹೋದರೆ ಹಿಂದಿರುಗುವಷ್ಟರಲ್ಲಿ ಕಪಾಟಿನ ಬಟ್ಟೆ, ಚಪ್ಪಲಿಗಳಿಗೆಲ್ಲ ಬೂಷ್ಟು ಹಿಡಿದಿರುತ್ತದೆ. ಬಾಡಿಗೆ ಮನೆಯ ಜಾಹೀರಾತಿನಲ್ಲಿ ‘ಚಿಲ್ಲರ್ ಫ್ರೀ’ ಎಂದಿದ್ದರೆ ತಂಪುಗಾಳಿಯ ಖರ್ಚು ಮಾಲೀಕನದು ಎಂದರ್ಥ. ಹಾಗಿಲ್ಲದ ಹಲವು ಹೊಸ ಕಟ್ಟಡಗಳಲ್ಲಿ ಇಡೀ ಬಡಾವಣೆಗೆ ಒಂದೇ ಕಡೆಯಿಂದ ತಣ್ಣೀರು ಹರಿಸಿ ತಂಪು ಮಾಡುವ ಕಂಪನಿಗೆ ಪ್ರತ್ಯೇಕ ಬಿಲ್ಲು ಕಟ್ಟಬೇಕು, ಅದರಲ್ಲಿ ಬಳಸಲಿ ಬಿಡಲಿ ತೆರಬೇಕಾದ ನಿಶ್ಚಿತ ಮೊತ್ತವೂ ಸೇರಿರುತ್ತದೆ. ಬಾಡಿಗೆ ಕಡಿಮೆಯೆಂದು ಸಹಿ ಹಾಕಿ ಆಮೇಲೆ ಪೇಚಾಡಿದ ನಮ್ಮವರು ಬಹಳ ಮಂದಿ.

ಸ್ನಾನದ ನೀರಿನ ಸಂಗತಿಯನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ. ಮಾಡಿನ ಮೇಲಿನ ಟ್ಯಾಂಕಿನ ನೀರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಸಿಲಿಗೆ ಕಾದು, ತಣ್ಣೀರಿನ ನಲ್ಲಿಯಲ್ಲೇ ಮೈ ಸುಡುವಂತೆ ಬರುತ್ತದೆ. ಆ ತಿಂಗಳುಗಳಲ್ಲಿ ಗೀಸರಿನ ಸ್ವಿಚ್ ಆರಿಸಿಬಿಡಿ. ಗೀಸರು ಮನೆಯೊಳಗೆ, ಎ.ಸಿ.ಯ ತಂಪಿನಲ್ಲಿ ಇರುವುದರಿಂದ ಅದರೊಳಗೆ ನಿಂತ ನೀರು ಆರಿರುತ್ತದೆ. ಆಗ ಬಿಸಿನೀರಿನ ಕೆಂಪು ಗುರುತಿನ ನಲ್ಲಿಯನ್ನು ತಿರುಗಿಸಿದರೆ ತಣ್ಣೀರು, ನೀಲಿಯನ್ನು ತಿರುಗಿಸಿದರೆ ಬಿಸಿನೀರು. ಮಗಳ ಸ್ನಾನಕ್ಕೆ ರಾತ್ರಿಯೇ ಬಕೆಟ್ ತುಂಬಿಸಿಡುವುದು ಇನ್ನೂ ಸರಿ.

ಸೈಟಿನ ಕೆಲಸಕ್ಕೆ ಸರಕಾರದ ನಿಯಮಗಳಿವೆ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ನೇರ ಬಿಸಿಲಿನಲ್ಲಿ ಕೆಲಸ ಮಾಡಿಸುವುದನ್ನು ಎಮಿರೇಟ್ಸ್‌ನಲ್ಲಿ ಮಧ್ಯಾಹ್ನ 12.30ರಿಂದ 3ರವರೆಗೆ, ಸೌದಿಯಲ್ಲಿ 12ರಿಂದ 3ರವರೆಗೆ ನಿಷೇಧಿಸಲಾಗಿದೆ. ಆದರೆ ನಿಯಮ ನೋಡುವುದು ಗಡಿಯಾರವನ್ನು, ತೇವವನ್ನಲ್ಲ. ಕರಾವಳಿಯಲ್ಲಿ ಬೆಳಗಿನ ಒಂಬತ್ತು ಗಂಟೆಯೂ ಆಳನ್ನು ಕೆಡಹಬಲ್ಲದು. ದೇಹ ಹೊಸ ಬಿಸಿಗೆ ಹೊಂದಿಕೊಂಡು ಬೇಗ ಬೆವರಲು, ಬೆವರಿನಲ್ಲಿ ಉಪ್ಪು ಹೋಗದಂತೆ ಉಳಿಸಿಕೊಳ್ಳಲು ಒಂದೆರಡು ವಾರ ಬೇಕು. ಮೊದಲ ದಿನ ಬಿಸಿಲಿನ ಕೆಲಸ ಐದರಲ್ಲೊಂದು ಪಾಲು ಸಾಕು, ದಿನದಿನಕ್ಕೆ ಅಷ್ಟಷ್ಟೇ ಏರಿಸುತ್ತ ಹೋಗಿ. ಕಲಬುರಗಿಯ ಮೇ ತಿಂಗಳ ಬಿಸಿಲು ಕಂಡಿದ್ದೇನೆಂಬ ಧೈರ್ಯ ಇಲ್ಲಿ ಸಾಲದು, ಏಕೆಂದರೆ ನೀವು ಹೊರಡುವ ಜೂನ್ ಕೊನೆಗೆ ಅಲ್ಲಿ ಮಳೆ ಶುರುವಾಗಿ ಮೈ ಆ ರೂಢಿಯನ್ನು ಬಿಡುತ್ತಿರುತ್ತದೆ. ಜೊತೆಯವನು ಯಾರೇ ಆಗಲಿ ತಡವರಿಸಿ ಮಾತನಾಡಿದರೆ, ಸಂಬಂಧವಿಲ್ಲದೆ ಉತ್ತರಿಸಿದರೆ, ಮೈ ಕೆಂಡದಂತಿದ್ದರೆ ವಿಚಾರಿಸುತ್ತ ಕೂರದೆ ನೆರಳಿಗೆ ಎಳೆದು ಮೈತುಂಬ ನೀರು ಸುರಿದು ಗಾಳಿ ಹಾಕಿ. ಆಂಬ್ಯುಲೆನ್ಸ್‌ಗೆ ಎಮಿರೇಟ್ಸ್‌ನಲ್ಲಿ 998, ಸೌದಿಯಲ್ಲಿ 997.

ಯಾವ ಊರು ಎಂದು ನೇರವಾಗಿ ಕೇಳಿದ್ದೀರಿ. ಹವೆಯೊಂದನ್ನೇ ನೋಡುವುದಾದರೆ ನಿಮಗೆ ರಿಯಾದ್ ಎನ್ನುತ್ತೇನೆ: ಅದು ನಿಮಗೆ ಗೊತ್ತಿರುವ ಬಿಸಿಯ ದೊಡ್ಡಣ್ಣ, ಮತ್ತು ನಿಮ್ಮ ಮೈಗೆ ಅದರ ಸ್ವಭಾವ ಅರ್ಥವಾಗುತ್ತದೆ. ಬೇಸಿಗೆಯ ರಜೆಗೆ ಅಲ್ಲಿಂದ 2,200 ಮೀಟರ್ ಎತ್ತರದ ಅಭಾ ಬೆಟ್ಟಗಳಿಗೆ ಹೋಗಬಹುದು. ದುಬೈ ಆರಿಸಿದರೆ ಒಮನ್‌ನ ಸಲಾಲಾ ಇದೆ. ಸಾವಿರ ಕಿಲೋಮೀಟರಿಗೂ ಹೆಚ್ಚಿನ ಮರುಭೂಮಿಯ ದಾರಿ ಸವೆಸಿದ ಮೇಲೆ ನಮ್ಮ ಉಡುಪಿಗೆ ಮಳೆ ತರುವ ಅದೇ ಮುಂಗಾರು ಗಾಳಿಯ ಜಿನುಗು, ಹಸಿರು ಬೆಟ್ಟ, ತೆಂಗು, ಬಾಳೆ ಕಾಣುತ್ತವೆ. ಜುಲೈಯಲ್ಲಿ ಅಲ್ಲಿ ನಿಂತಾಗ ನನಗೆ ಕಾರಿನ ಬಾಗಿಲು ಹಾಕುವುದೂ ಮರೆತುಹೋಗಿತ್ತು. ದಮ್ಮಾಮನ್ನು ಮಾತ್ರ ಮೊದಲ ಬೇಸಿಗೆಗೆ ಆರಿಸಬೇಡಿ.

ಮನೆಯವರನ್ನೂ ಮಗಳನ್ನೂ ಜೂನ್‌ನಲ್ಲಿ ಕರೆತರಬೇಡಿ. ನೀವು ಕೆಲಸಕ್ಕೆ ಹೋದ ಮೇಲೆ, ಪರಿಚಯವಿಲ್ಲದ ಊರಿನಲ್ಲಿ, ನಾಲ್ಕು ಗೋಡೆಗಳ ನಡುವೆ ಮೂರು ತಿಂಗಳು ಕಳೆಯುವುದು ಇಬ್ಬರಿಗೂ ಬಿಸಿಲಿಗಿಂತ ದೊಡ್ಡ ಕಷ್ಟ. ಆಗಸ್ಟ್ 24ರ ಸುಮಾರಿಗೆ ನಸುಕಿನಲ್ಲಿ ದಕ್ಷಿಣದ ಅಂಚಿನಲ್ಲಿ ‘ಸುಹೈಲ್’ ನಕ್ಷತ್ರ ಕಂಡರೆ ಬೇಸಿಗೆಯ ಸೊಕ್ಕು ಇಳಿಯಿತೆಂದು ಇಲ್ಲಿನ ಹಿರಿಯರು ಲೆಕ್ಕ ಹಾಕುತ್ತಾರೆ. ಅದು ನಮ್ಮ ಅಗಸ್ತ್ಯ ನಕ್ಷತ್ರವೇ. ಒಳನಾಡಿಗೆ ಆ ಲೆಕ್ಕ ಹೆಚ್ಚುಕಡಿಮೆ ಸರಿ, ಕರಾವಳಿಯಲ್ಲಿ ಸೆಪ್ಟೆಂಬರ್ ಪೂರ್ತಿ ಸೆಕೆ ಉಳಿದೇ ಇರುತ್ತದೆ. ದುಬೈಯಲ್ಲಿ ಕಿಟಕಿ ತೆರೆದು ಮಲಗಬಹುದಾದ ದಿನಗಳು ಬರುವುದು ಅಕ್ಟೋಬರ್ ದಾಟುತ್ತಿರುವಾಗ. ಭಾರತೀಯ ಪಠ್ಯಕ್ರಮದ ಶಾಲೆಗಳು ಏಪ್ರಿಲ್‌ನಲ್ಲಿ ಶುರುವಾಗುವುದರಿಂದ ಮಗಳ ಶಾಲೆಗೂ ಅಡ್ಡಿಯಿಲ್ಲ. ಅಕ್ಟೋಬರ್ ಮೂರನೇ ವಾರಕ್ಕೆ ಅವರ ಟಿಕೆಟ್ ತೆಗೆಯಿರಿ, ಊರು ಯಾವುದೆಂದು ನಿಶ್ಚಯವಾದ ಮೇಲೆ ನನಗೆ ತಿಳಿಸಿ. ದುಬೈಯಾದರೆ ಬಾಡಿಗೆ ಕರಾರಿಗೆ ಸಹಿ ಹಾಕುವ ಮುನ್ನ ಆ ಚಿಲ್ಲರ್ ವಿಷಯವನ್ನು ನಾನೇ ಒಮ್ಮೆ ಓದಿ ನೋಡುತ್ತೇನೆ.