ಮಂಡಿನೋವಿದ್ದರೂ ಅಮ್ಮನನ್ನು ಯೋಗಕ್ಕೆ ಕಳಿಸಬಹುದು

ತುಮಕೂರಿಗೆ ಹೊಸಬರು, ಅಮ್ಮನಿಗೆ 62, ಮಂಡಿನೋವು, ಯಾರ ಪರಿಚಯವೂ ಇಲ್ಲ, ಯೋಗ ಕೇಂದ್ರದಲ್ಲಿ ಬರೀ ಭಜನೆ ಇರುತ್ತದಾ ಅಂತ ಕೇಳಿದ್ದೀರಿ. ಧೈರ್ಯವಾಗಿ ಕಳಿಸಿ.

ಉಚಿತವಾಗಿ ಯೋಗ ಕಲಿಸುವ ಶ್ರೀ ಪತಂಜಲಿ ಯೋಗ ಶಿಕ್ಷಣ ಸಮಿತಿ ಶುರುವಾಗಿದ್ದೇ ನಮ್ಮ ತುಮಕೂರಿನಲ್ಲಿ, 1980ರಲ್ಲಿ. ಹಾಗಾಗಿ ಇಲ್ಲಿ ಉಚಿತ ತರಗತಿ ಹುಡುಕುವುದು ಕಷ್ಟವಲ್ಲ. ಬೆಳಗ್ಗೆ ಐದಕ್ಕೆ ಏಳುವುದೇ ಕಷ್ಟ! ನಮ್ಮಲ್ಲಿ ಮೊದಲು ಓಂಕಾರ, ಪ್ರಾರ್ಥನೆ, ಕೊನೆಗೆ ಶಾಂತಿಮಂತ್ರ. ಭಜನೆ ಯಾವಾಗಲೋ ಒಮ್ಮೆ. ಪತಂಜಲಿ ಮುನಿ ಹೇಳಿದ ಯೋಗದ ಎಂಟು ಅಂಗಗಳಲ್ಲಿ ಆಸನ ಬರುವುದು ಮೂರನೆಯದಾಗಿ, ಯಮ ನಿಯಮ ಅನ್ನುವ ನಡತೆ, ಶಿಸ್ತಿನ ಪಾಠ ಆದ ಮೇಲೆ. ಮೈ ಬಗ್ಗಿಸುವುದಷ್ಟೇ ಯೋಗ ಅಲ್ಲ, ಅಲ್ವಾ?

ಮಂಡಿ ವಿಷಯ ಡಾಕ್ಟರನ್ನು ಒಮ್ಮೆ ಕೇಳಿ. ಮಂಡಿ ಮಡಿಸಿ ಹಿಮ್ಮಡಿ ಮೇಲೆ ಕೂರುವ ವಜ್ರಾಸನಕ್ಕೆ ಹಟ ಬೇಡ. ಕುರ್ಚಿ ಕೇಳಲು ನಾಚಿಕೆಯೂ ಬೇಡ.

ಪರಿಚಯದ ಚಿಂತೆ ಬಿಡಿ. ನಮ್ಮ ಶಾಖೆಗೆ ಒಬ್ಬರು ಅಜ್ಜಿ ಬರುತ್ತಿದ್ದರು. ಒಂದು ತಿಂಗಳು ಗೋಡೆ ಪಕ್ಕ ಜಮಖಾನ ಹಾಸಿಕೊಂಡು ಸುಮ್ನೆ ಕೂತಿದ್ದರು, ಮಾತೇ ಇಲ್ಲ. ರಥಸಪ್ತಮಿಗೆ 108 ಸೂರ್ಯನಮಸ್ಕಾರ ಇಟ್ಟುಕೊಂಡಿದ್ದೆವು. ಪ್ರತಿ ಸಲ ಯಾರಿಗಾದರೂ ಲೆಕ್ಕ ತಪ್ಪುತ್ತದೆ. ಅಜ್ಜಿ ಸೆರಗಿನ ಗಂಟು ಬಿಚ್ಚಿ, 108 ಹುಣಸೆ ಬೀಜ ಸುರಿದುಕೊಂಡು, ಒಂದೊಂದು ನಮಸ್ಕಾರಕ್ಕೂ ಒಂದೊಂದು ಬೀಜ ಪಕ್ಕಕ್ಕಿಟ್ಟರು. 'ಇನ್ನೂ ಆರು ಬಾಕಿ, ಕಳ್ಳಾಟ ಬೇಡ' ಅಂತ ನಮ್ಮ ಗುರುಗಳನ್ನೇ ಗದರಿಸಿದರು! ಆಮೇಲೆ ಕೋಸಂಬರಿ ಹಂಚಿದ್ದೂ ಅವರೇ.

ಯಾವ ಬಡಾವಣೆಯಲ್ಲಿದ್ದೀರಿ ಹೇಳಿ, ಹತ್ತಿರದ ಶಾಖೆ ಯಾವುದು ಅಂತ ವಿಚಾರಿಸುತ್ತೇನೆ.