ಅಪ್ಪನ ಎಕ್ಸೋಮ್ ಪರೀಕ್ಷೆಯಲ್ಲಿ (ಜೀನ್‌ಗಳ ಮುಖ್ಯ ಭಾಗಗಳನ್ನು ಓದುವ ಪರೀಕ್ಷೆ) ಏನೂ ಸಿಗಲಿಲ್ಲ. ಅಜ್ಜನಿಗೂ ಈ ಕಾಯಿಲೆ ಇರಲಿಲ್ಲ. ಅಟಾಕ್ಸಿಯಾ (ನಡಿಗೆ, ಮಾತಿನ ಹಿಡಿತ ತಪ್ಪುವ ಕಾಯಿಲೆ) ವಂಶದ್ದಲ್ಲ ಅಂದುಕೊಳ್ಳಬಹುದೇ? ಇಲ್ಲ, ನಾನೂ ರಕ್ತ ಪರೀಕ್ಷೆಗೆ ಕೊಡಲೇ?

ದಯವಿಟ್ಟು ಹಾಗೆ ಅಂದುಕೊಳ್ಳಬೇಡಿ. ಏಳು ವರ್ಷದ ಹಿಂದೆ ನಾನು ಹಾಗೇ ಅಂದುಕೊಂಡೆ. ತೂರಾಡುತ್ತ ನಡೆಯುವ ಅಪ್ಪ, ನೆಗೆಟಿವ್ ರಿಪೋರ್ಟು, "ಇದು ಕ್ಯೂಬಾ, ಪೋರ್ಚುಗಲ್ ಕಡೆಯವರ ಕಾಯಿಲೆಯಂತೆ" ಅನ್ನುವ ಸಮಾಧಾನ, ಎಲ್ಲವೂ ನಮ್ಮ ಮನೆಯಲ್ಲಿ ಆಗಿಹೋಗಿದೆ.

ನಮ್ಮಪ್ಪ 48ನೇ ವಯಸ್ಸಿಗೆ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯತೊಡಗಿದರು. ಕುಡಿದಿದ್ದಾರೆ ಅಂತ ಜನ ಮಾತಾಡಿಕೊಂಡರು. ಅವರು ಒಂದು ತೊಟ್ಟೂ ಮುಟ್ಟಿದವರಲ್ಲ. ಆಮೇಲೆ ಮಾತು ತೊದಲಿತು. ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿರುವುದು ಅವರು ಪೇಪರ್ ಓದುತ್ತಿದ್ದ ರೀತಿ. ಸಾಲು ಮುಗಿದ ಕೂಡಲೇ ನಮ್ಮ ಕಣ್ಣು ಥಟ್ಟನೆ ಮುಂದಿನ ಸಾಲಿಗೆ ಹಾರುತ್ತದಲ್ಲ, ಅವರದು ಹಾರುತ್ತಿರಲಿಲ್ಲ, ತೆವಳುತ್ತಿತ್ತು. ಅದಕ್ಕೇ ಪ್ರತಿ ಸಾಲಿಗೂ ಒಮ್ಮೆ ಕಣ್ಣು ಮಿಟುಕಿಸಿ ಇಡೀ ತಲೆಯನ್ನೇ ಎಡಕ್ಕೆ ತಿರುಗಿಸುತ್ತಿದ್ದರು. ನಾವು ಎರಡು ಸಲ ಕನ್ನಡಕ ಬದಲಾಯಿಸಿದೆವು.

ಎಕ್ಸೋಮ್ ರಿಪೋರ್ಟು ಬಂದ ದಿನ ನಾನು ಮಾಡಿದ ತಪ್ಪನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ತಾಳ್ಮೆಯಿಂದ ಓದಿ. ಮೊದಲ ಪುಟದಲ್ಲಿ "ಕಾಯಿಲೆಗೆ ಕಾರಣವಾಗುವ ಬದಲಾವಣೆ ಕಂಡುಬಂದಿಲ್ಲ" ಅಂತಿತ್ತು. ಅಷ್ಟೇ ಓದಿ, ಮನೆಯವರ ವಾಟ್ಸಾಪ್ ಗುಂಪಿಗೆ "ವಂಶದ ಕಾಯಿಲೆ ಅಲ್ಲ, ಯಾರೂ ಹೆದರಬೇಡಿ" ಅಂತ ಹಾಕಿದೆ. ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತಿತ್ತು: ಈ ಪರೀಕ್ಷೆ ರಿಪೀಟ್ ಹೆಚ್ಚಳವನ್ನು ಹಿಡಿಯುವುದಿಲ್ಲ. ವಂಶದಲ್ಲಿ ಬರುವ ಅಟಾಕ್ಸಿಯಾಗಳಲ್ಲಿ ಹೆಚ್ಚು ಕಾಣುವ ಎಸ್‌ಸಿಎ (ಸ್ಪೈನೊಸೆರೆಬೆಲ್ಲಾರ್ ಅಟಾಕ್ಸಿಯಾ) ವಿಧಗಳಾದ 1, 2, 3, 6, 7, 12 ಎಲ್ಲಕ್ಕೂ ಈ ರಿಪೀಟ್ ಹೆಚ್ಚಳವೇ ಕಾರಣ. ಜೀನ್‌ನಲ್ಲಿ ಸಿಎಜಿ ಅನ್ನುವ ಮೂರಕ್ಷರ ಸಾಲಾಗಿ ಮತ್ತೆ ಮತ್ತೆ ಬರುತ್ತದೆ. ಎಸ್‌ಸಿಎ2ರ ಜೀನ್‌ನಲ್ಲಿ ಹೆಚ್ಚಿನವರಿಗೆ ಅದು 22 ಸಲ ಇರುತ್ತದೆ. 33 ಅಥವಾ ಅದಕ್ಕಿಂತ ಹೆಚ್ಚಾದರೆ ಕಾಯಿಲೆಯ ದಾರಿ. ಎಕ್ಸೋಮ್ ಪರೀಕ್ಷೆ ಡಿಎನ್‌ಎಯನ್ನು ಚೂರು ಚೂರು ಮಾಡಿ ಓದಿ, ಆಮೇಲೆ ಜೋಡಿಸುತ್ತದೆ. ಒಂದೇ ಪದ ನಲವತ್ತು ಸಲ ಬರೆದ ಕಾಗದವನ್ನು ಹರಿದು ಚಿಂದಿ ಮಾಡಿ, ಎಷ್ಟು ಸಲ ಬರೆದಿತ್ತು ಅಂತ ಕೇಳಿದ ಹಾಗೆ. ಅಕ್ಷರ ತಪ್ಪಿದ್ದರೆ ಸಿಗುತ್ತದೆ, ಲೆಕ್ಕ ಸಿಗುವುದಿಲ್ಲ. ನಾವು ಹುಡುಕಬೇಕಿದ್ದದ್ದು ಲೆಕ್ಕವನ್ನು.

ನಾಲ್ಕು ವರ್ಷ ಕಳೆಯಿತು. 29ರ ನನ್ನ ತಂಗಿ ಒಂದು ದಿನ ಫೋನ್ ಮಾಡಿ, "ಅಣ್ಣಾ, ಸಹಿ ಮಾಡೋಕೆ ಆಗ್ತಿಲ್ಲ ಕಣೋ" ಅಂದಳು. ಆಗ ರಿಪೀಟ್ ಎಣಿಸುವ ಪಿಸಿಆರ್ ಪರೀಕ್ಷೆ ಮಾಡಿಸಿದೆವು. ಎಸ್‌ಸಿಎ2. ಅಪ್ಪನಿಗೆ 38 ರಿಪೀಟ್, ಅವಳಿಗೆ 43. ತಲೆಮಾರು ದಾಟುವಾಗ ಈ ಸಂಖ್ಯೆ ಬೆಳೆಯಬಹುದು, ಅದರಲ್ಲೂ ಅಪ್ಪನಿಂದ ಬಂದಾಗ. ಸಂಖ್ಯೆ ಹೆಚ್ಚಿದಷ್ಟೂ ಕಾಯಿಲೆ ಬೇಗ ಬರುತ್ತದೆ. ನನ್ನ ಮೆಸೇಜು ನಂಬಿದ್ದ ಆ ನಾಲ್ಕು ವರ್ಷದಲ್ಲಿ ಅವಳಿಗೆ ಎರಡು ಮಕ್ಕಳಾಗಿದ್ದವು. ಮಕ್ಕಳು ಬೇಡವಾಗಿತ್ತು ಅಂತ ಅವಳು ಒಂದು ದಿನವೂ ಅಂದಿಲ್ಲ. ಆದರೆ ತಿಳಿದು ನಿರ್ಧರಿಸುವ ಹಕ್ಕು ಅವಳದಾಗಿತ್ತು. ಅದನ್ನು ನಾನು ಕಿತ್ತುಕೊಂಡೆ.

ಇನ್ನು "ಬೇರೆ ದೇಶದವರ ಕಾಯಿಲೆ" ಅನ್ನುವ ಮಾತು. ಎಸ್‌ಸಿಎ2 ಜಗತ್ತಿನಲ್ಲೇ ಅತಿ ಹೆಚ್ಚು ಇರುವುದು ಕ್ಯೂಬಾದ ಓಲ್ಗೀನ್ ಪ್ರಾಂತ್ಯದಲ್ಲಿ, ನಿಜ. ಎಸ್‌ಸಿಎ3ಕ್ಕೆ ಪೋರ್ಚುಗಲ್‌ನ ಅಝೋರ್ಸ್ ದ್ವೀಪಗಳು ಹೆಸರಾಗಿವೆ, ಅದೂ ನಿಜ. ಹಿಂದೆಂದೋ ಒಬ್ಬಿಬ್ಬರಲ್ಲಿದ್ದ ಬದಲಾದ ಜೀನ್ ಸಣ್ಣ ಸಮುದಾಯದೊಳಗೇ ಹರಡಿದರೆ ಹೀಗಾಗುತ್ತದೆ. ಆದರೆ ಕಣ್ಣು ನಿಧಾನವಾಗುವ ಈ ವಂಶದ ಅಟಾಕ್ಸಿಯಾವನ್ನು 1971ರಲ್ಲಿ ಒಂಬತ್ತು ಕುಟುಂಬಗಳಲ್ಲಿ ಗುರುತಿಸಿ ಬರೆದವರು ಮುಂಬಯಿಯ ಡಾ. ನೋಶಿರ್ ವಾಡಿಯಾ ಮತ್ತು ಅವರ ಸಹೋದ್ಯೋಗಿ. ಎಸ್‌ಸಿಎ2ರ ಜೀನ್ ಸಿಕ್ಕಿದ್ದು 1996ರಲ್ಲಿ. ಎಸ್‌ಸಿಎ12 ಮೊದಲು ವರದಿಯಾದದ್ದು ಜರ್ಮನ್ ಮೂಲದ ಅಮೆರಿಕನ್ ಕುಟುಂಬವೊಂದರಲ್ಲಿ, ಆಮೇಲೆ ಹೆಚ್ಚಾಗಿ ಕಂಡದ್ದು ಭಾರತದಲ್ಲಿ. ಜನಾಂಗ ನೋಡಿದರೆ ಯಾವ ಪರೀಕ್ಷೆ ಮೊದಲು ಮಾಡಿಸಬೇಕು ಅನ್ನುವುದು ಗೊತ್ತಾಗುತ್ತದೆ. ನಿಮ್ಮ ಅಪ್ಪನಿಗೆ ಯಾವ ವಿಧ ಇಲ್ಲ ಅನ್ನುವುದು ಗೊತ್ತಾಗುವುದಿಲ್ಲ. ಅಜ್ಜನಿಗೆ ಇರಲಿಲ್ಲ ಅಂತಲೂ ಬರೆದಿದ್ದೀರಿ. ನಮ್ಮಜ್ಜ 41ಕ್ಕೇ ಜ್ವರದಲ್ಲಿ ತೀರಿಕೊಂಡರು. ಇನ್ನು ಹತ್ತು ವರ್ಷ ಬದುಕಿದ್ದರೆ ಏನು ಕಾಣುತ್ತಿತ್ತೋ!

ನಿಮ್ಮ ರಕ್ತ ಕೊಡಲೇ ಅಂತ ಕೇಳಿದ್ದೀರಿ. ಬೇಡ, ಈಗ ಬೇಡ. ಮೊದಲು ಅಪ್ಪನ ರಕ್ತ, ಅದೂ ರಿಪೀಟ್ ಪರೀಕ್ಷೆಗೆ. ಕಾಯಿಲೆ ಇರುವವರಲ್ಲಿ ಯಾವ ವಿಧ ಅಂತ ಗೊತ್ತಾಗದೆ ನಿಮ್ಮದು ನೆಗೆಟಿವ್ ಬಂದರೆ ಅದಕ್ಕೆ ಅರ್ಥವಿಲ್ಲ. ಅಪ್ಪನಲ್ಲಿ ಸಿಕ್ಕರೆ, ನಿಮಗೆ ಬಂದಿರುವ ಸಾಧ್ಯತೆ ಅರ್ಧಕ್ಕರ್ಧ. ಆಗ ಜೆನೆಟಿಕ್ ಕೌನ್ಸೆಲರ್ ಹತ್ತಿರ ಕೂತು ಮಾತಾಡದೆ ಪರೀಕ್ಷೆ ಮಾಡಿಸಲೇಬೇಡಿ. ಇದನ್ನು ನಿಲ್ಲಿಸುವ ಔಷಧಿ ಇವತ್ತಿಗಿಲ್ಲ, ಫಲಿತಾಂಶವನ್ನು ಹೊತ್ತು ಬದುಕುವವರು ನೀವು. ಮಕ್ಕಳಿಗಂತೂ ಅವರು ದೊಡ್ಡವರಾಗಿ ತಾವೇ ಕೇಳುವ ತನಕ ಮಾಡಿಸಬೇಡಿ. ನಾನು ಇನ್ನೂ ಮಾಡಿಸಿಲ್ಲ. ತಂಗಿ ಒಮ್ಮೆಯೂ ಒತ್ತಾಯಿಸಿಲ್ಲ.

ಅಪ್ಪನಿಗೆ ಫಿಸಿಯೋಥೆರಪಿ ಇವತ್ತಿನಿಂದಲೇ ಶುರು ಮಾಡಿ, ಅದಕ್ಕೆ ರಿಪೋರ್ಟು ಕಾಯಬೇಕಿಲ್ಲ. ಆ ಎಕ್ಸೋಮ್ ರಿಪೋರ್ಟಿನ ಕೊನೆಯ ಪುಟ ತೆಗೆದು "ಪರೀಕ್ಷೆಯ ಮಿತಿಗಳು" ಅನ್ನುವ ಭಾಗ ಓದಿ. ಅಲ್ಲಿ ಏನಿದೆ ಅಂತ ಇಲ್ಲೇ ಕೆಳಗೆ ಬರೆದರೆ, ಮುಂದಿನದು ನೋಡೋಣ.